ನೆಂಟರೊಂದಿಗೆ ರಜೆಯ ವಾರಾಂತ್ಯ: ಸುತ್ತಾಟಕ್ಕೂ ಹೊರಗಿನ ಊಟಕ್ಕೂ ಒಂದು ಸಮಗ್ರ ಮಾರ್ಗದರ್ಶಿ

ಶನಿವಾರ ಭಾನುವಾರದ ಜೊತೆಗೆ ಇನ್ನೊಂದು ದಿನ ರಜೆ ಸೇರಿಕೊಂಡಿದೆ, ನೆಂಟರು ಬರುತ್ತೇವೆ ಎಂದಿದ್ದಾರೆ. ಮನೆಯವರೆಲ್ಲ ಕೂತು ಮೊದಲು ಮಾಡುವ ಕೆಲಸ ನೋಡಬೇಕಾದ ಜಾಗಗಳ ಪಟ್ಟಿ. ಹತ್ತು ಹೆಸರು ಬರೆದು, ನಡುವೆ ಎಲ್ಲಾದರೂ ಊಟ ಮಾಡಿದರಾಯಿತು ಎಂದು ಬಿಡುತ್ತೇವೆ. ಈ ಕ್ರಮವನ್ನು ತಿರುಗಿಸಿಕೊಳ್ಳಿ ಎಂಬುದೇ ಈ ಇಡೀ ಬರಹದ ತಿರುಳು. ಮೊದಲು ಊಟದ ಹೊತ್ತನ್ನೂ ಜಾಗವನ್ನೂ ಗೊತ್ತುಮಾಡಿ, ಆಮೇಲೆ ಅದರ ಸುತ್ತ ನೋಡುವುದನ್ನು ಜೋಡಿಸಿ. ಎಂಟು ಜನರ ಗುಂಪಿನಲ್ಲಿ ಒಂದು ಜಾಗ ಬಿಟ್ಟುಹೋಯಿತೆಂದು ಯಾರೂ ಬಹಳ ಹೊತ್ತು ಕೊರಗುವುದಿಲ್ಲ. ಆದರೆ ಹಸಿದು ಅಳುವ ಮಗು, ಮಾತ್ರೆಯ ಹೊತ್ತು ಮೀರಿದ ಅಜ್ಜ, ಹೋಟೆಲ್ ಬಾಗಿಲಲ್ಲಿ ಗಂಟೆಗಟ್ಟಲೆ ನಿಂತು ಕಾಲು ನೋಯಿಸಿಕೊಂಡ ಚಿಕ್ಕಮ್ಮ, ಇವರಲ್ಲಿ ಒಬ್ಬರಿದ್ದರೂ ಎಲ್ಲರ ದಿನ ಕೆಡುತ್ತದೆ.

1. ಎರಡು ವಾರ ಮೊದಲೇ ಫೋನ್ ಮಾಡಿ ಕೇಳಿ

"ಏನೇನು ನೋಡಬೇಕು ಅಂತಿದ್ದೀರಿ?" ಎಂದು ಕೇಳಿದರೆ ಬರುವ ಉತ್ತರ ಗೊತ್ತೇ ಇದೆ: "ಅಯ್ಯೋ, ನೀವು ಎಲ್ಲಿಗೆ ಕರ್ಕೊಂಡು ಹೋದ್ರೂ ಸರಿ." ಇದು ಸೌಜನ್ಯದ ಮಾತು, ಇದರಿಂದ ಏನೂ ತಿಳಿಯುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸುವ ಹಾಗೆ ಕೇಳಿ. "ಅತ್ತೆ, ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನಕ್ಕೆ ಮನೆಗೆ ಬರೋದು ನಿಮಗೆ ಹಿತಾನಾ, ಇಲ್ಲ ನಿಧಾನಕ್ಕೆ ತಿಂಡಿ ಮುಗಿಸಿ ಹೊರಡೋದಾ?" "ಮಾವ, ಹಳೇ ಕಟ್ಟಡ ನೋಡೋದು ಇಷ್ಟವೋ, ನೀರು, ಮರ ಇರೋ ಕಡೆ ಹೋಗೋದೋ?" ಹೀಗೆ ಕೇಳಿದಾಗ ಹಿರಿಯರೂ ಸಂಕೋಚ ಬಿಟ್ಟು ಹೇಳುತ್ತಾರೆ.

ನಡೆಯುವ ಶಕ್ತಿಯ ವಿಷಯವನ್ನೂ ನೇರವಾಗಿ ಕೇಳಬೇಡಿ. "ಮೆಟ್ಟಿಲು ಹತ್ತೋಕೆ ಆಗುತ್ತಾ?" ಎಂದರೆ ಯಾವ ಸ್ವಾಭಿಮಾನಿಯೂ ಆಗುವುದಿಲ್ಲ ಎನ್ನುವುದಿಲ್ಲ. "ಈಚೆಗೆ ದಿನಾ ವಾಕಿಂಗ್ ಹೋಗ್ತಿದ್ದೀರಾ? ಎಷ್ಟು ದೂರ ಹೋಗ್ತೀರಿ?" ಎಂದು ವಿಚಾರಿಸಿ. ಬಂದ ಉತ್ತರವನ್ನು ಅವರ ಮಗನನ್ನೋ ಸೊಸೆಯನ್ನೋ ಕೇಳಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಮೊಣಕಾಲು ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚಾಗಿ ಕಷ್ಟ. "ಹತ್ತೋದು ಸ್ವಲ್ಪಾನೇ" ಎಂದು ಕರೆದುಕೊಂಡು ಹೋಗಿ, ಇಳಿಯುವಾಗ ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನೋಡುವ ಹಾಗೆ ಆಗಬಾರದು.

ಆಹಾರದ ಬಗ್ಗೆ ಮೂರು ಸಂಗತಿ ಬೇರೆ ಬೇರೆ ಬರೆದುಕೊಳ್ಳಿ: ಅಲರ್ಜಿ ಇರುವುದು, ನಂಬಿಕೆಯಿಂದಲೋ ವೈದ್ಯರ ಸಲಹೆಯಿಂದಲೋ ಬಿಟ್ಟಿರುವುದು, ಸುಮ್ಮನೆ ಇಷ್ಟವಿಲ್ಲದ್ದು. ಮೂರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದರೆ ಹೋಟೆಲಿನವರಿಗೆ ಯಾವುದು ಗಂಭೀರ ಎಂದು ಗೊತ್ತಾಗುವುದಿಲ್ಲ. ಯುರೋಪ್ ಒಕ್ಕೂಟದ ನಿಯಮದಲ್ಲಿ ಹೋಟೆಲುಗಳು ಗ್ರಾಹಕರಿಗೆ ತಿಳಿಸಲೇಬೇಕಾದ ಅಲರ್ಜಿಯ ಪದಾರ್ಥಗಳು 14. ಅಮೆರಿಕದಲ್ಲಿ ಪ್ಯಾಕೆಟ್ ಮೇಲೆ ನಮೂದಿಸಬೇಕಾದ ಪ್ರಮುಖ ಅಲರ್ಜಿಕಾರಕಗಳು 9, ಅವುಗಳಲ್ಲಿ ಎಳ್ಳು ಸೇರಿದ್ದು 2023ರಲ್ಲಿ. ಕಡಲೆಕಾಯಿ, ಹಾಲು, ಮೊಟ್ಟೆ, ಗೋಧಿ, ಸೋಯಾ, ಮೀನು ಎರಡೂ ಪಟ್ಟಿಯಲ್ಲಿವೆ. ನಿಮ್ಮ ಊರಿನಲ್ಲಿ ಇಂಥ ನಿಯಮ ಇದ್ದರೂ ಇಲ್ಲದಿದ್ದರೂ, ಅಲರ್ಜಿ ಇರುವವರ ಪರವಾಗಿ ಟೇಬಲ್ ಬುಕ್ ಮಾಡುವಾಗಲೇ ಹೇಳಿ, ಕೂತ ಮೇಲೆ ಬಡಿಸುವವರಿಗೆ ಇನ್ನೊಮ್ಮೆ ಹೇಳಿ. "ಸ್ವಲ್ಪ ಹಾಕಿದ್ರೆ ಏನೂ ಆಗಲ್ಲ" ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಆ ಮಾತಿಗೆ ಒಪ್ಪಬೇಡಿ.

ಔಷಧದ ಹೊತ್ತನ್ನೂ ಕೇಳಿ, ಮುಖ್ಯವಾಗಿ ಊಟಕ್ಕೆ ಮೊದಲು, ಊಟದ ಜೊತೆ, ಊಟ ಆದ ಮೇಲೆ ತೆಗೆದುಕೊಳ್ಳುವವು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ರಕ್ತದಲ್ಲಿ ಸಕ್ಕರೆ ಕುಸಿಯುತ್ತದೆ. ನಡುಕ, ಬೆವರು, ಗಲಿಬಿಲಿ, ಕಾರಣವಿಲ್ಲದ ಸಿಡುಕು ಅದರ ಲಕ್ಷಣ. ಆಗ ಸುಮಾರು 15 ಗ್ರಾಂ ಸಕ್ಕರೆ ಬೇಗ ಹೊಟ್ಟೆಗೆ ಹೋಗಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಒಂದು ಸಣ್ಣ ಹಣ್ಣಿನ ರಸದ ಪೊಟ್ಟಣ ನಿಮ್ಮ ಚೀಲದಲ್ಲಿ ಸದಾ ಇರಲಿ.

2. ದಿನಕ್ಕೆ ಒಂದೇ ದೊಡ್ಡ ಜಾಗ

ಇದು ನಾನು ಯಾರಿಗೂ ಸಡಿಲಿಸದ ನಿಯಮ. ದೊಡ್ಡದು ಎಂದರೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬೇಡುವ, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕಾದ ಜಾಗ: ಅರಮನೆ, ಕೋಟೆ, ಮ್ಯೂಸಿಯಂ, ಮೃಗಾಲಯ. ಅಂಥದ್ದನ್ನು ಎರಡು ಜೋಡಿಸಿದರೆ ಎರಡನೆಯದನ್ನು ಯಾರೂ ನೋಡುವುದಿಲ್ಲ, ಬೆಂಚು ಹುಡುಕುತ್ತಾರೆ.

ಈ ದಣಿವಿಗೆ ದೊಡ್ಡ ಚರಿತ್ರೆಯೇ ಇದೆ. ಬಾಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ 'ಮ್ಯೂಸಿಯಂ ದಣಿವು' ಎಂಬ ಲೇಖನವನ್ನೇ ಬರೆದರು. ಒಬ್ಬ ವ್ಯಕ್ತಿ ಗಾಜಿನ ಪೆಟ್ಟಿಗೆಗಳ ಮುಂದೆ ಬಗ್ಗಿ, ಕುಕ್ಕರಿಸಿ, ಕತ್ತು ಚಾಚಿ ವಸ್ತುಗಳನ್ನು ನೋಡುವ ಫೋಟೋಗಳನ್ನು ತೆಗೆದು, ನೋಡುವುದು ಎಷ್ಟು ಮೈಮುರಿಯುವ ಕೆಲಸ ಎಂದು ತೋರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಜನ ಎಲ್ಲವನ್ನೂ ಅರೆಬರೆ ನೋಡುತ್ತ ಹೋಗುತ್ತಾರೆ ಎಂಬುದು ಅವರು ಕಂಡದ್ದು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟ ವಸ್ತುಗಳು ಸುಮಾರು 35,000. ಒಂದೊಂದಕ್ಕೆ ಹತ್ತು ಸೆಕೆಂಡ್ ಕೊಟ್ಟರೂ, ಊಟ ನಿದ್ದೆ ಇಲ್ಲದೆ ಹೆಚ್ಚುಕಡಿಮೆ ನಾಲ್ಕು ಹಗಲು ನಾಲ್ಕು ರಾತ್ರಿ ಬೇಕು. ಯಾವ ದೊಡ್ಡ ಮ್ಯೂಸಿಯಂಗೆ ಹೋದರೂ ಮನೆಯಲ್ಲೇ ನಾಲ್ಕೈದು ವಸ್ತುಗಳನ್ನು ಆರಿಸಿಕೊಂಡು, ಮೊದಲ ಮುಕ್ಕಾಲು ಗಂಟೆಯಲ್ಲಿ ಅವನ್ನು ನೋಡಿಬಿಡಿ. ಉಳಿದದ್ದು ಇಷ್ಟವಿದ್ದವರಿಗೆ.

ಜಾಗಗಳನ್ನು ಆರಿಸಲು ಒಂದು ಹಳೆಯ ಅಳತೆಗೋಲು ನನಗೆ ತುಂಬ ಇಷ್ಟ. ಟೈರ್ ಮಾರುವ ಮಿಶೆಲಿನ್ ಕಂಪನಿ 1900ರಲ್ಲಿ ವಾಹನ ಓಡಿಸುವವರಿಗಾಗಿ ಕೈಪಿಡಿ ತಂದಿತು, 1926ರಲ್ಲಿ ಹೋಟೆಲುಗಳಿಗೆ ನಕ್ಷತ್ರ ಕೊಡಲು ಶುರುಮಾಡಿತು. ಎರಡು ನಕ್ಷತ್ರ ಎಂದರೆ ದಾರಿ ಬಿಟ್ಟು ಸುತ್ತಿ ಹೋಗಬಹುದಾದ ಜಾಗ, ಮೂರು ಎಂದರೆ ಅದಕ್ಕಾಗಿಯೇ ಪ್ರಯಾಣ ಮಾಡಬಹುದಾದ ಜಾಗ. ನಿಮ್ಮ ಪಟ್ಟಿಯನ್ನೂ ಹೀಗೇ ವಿಂಗಡಿಸಿ. ಅದಕ್ಕಾಗಿಯೇ ಹೋಗಬೇಕಾದದ್ದು ದಿನಕ್ಕೆ ಒಂದು. ಸ್ವಲ್ಪ ಸುತ್ತಿದರೆ ಸಿಗುವುದು ಇನ್ನೊಂದು, ಅದೂ ಎಲ್ಲರಿಗೂ ಉತ್ಸಾಹ ಉಳಿದಿದ್ದರೆ. ದಾರಿಯಲ್ಲಿ ಸಿಕ್ಕರೆ ಹತ್ತು ನಿಮಿಷ ನಿಲ್ಲುವಂಥವು ಎಷ್ಟಿದ್ದರೂ ಇರಲಿ, ಅವುಗಳ ಹೆಸರನ್ನು ನೆಂಟರಿಗೆ ಮೊದಲೇ ಹೇಳಬೇಡಿ. ಹೇಳದೆ ತೋರಿಸಿದರೆ ಅನಿರೀಕ್ಷಿತ ಖುಷಿ, ಹೇಳಿ ಬಿಟ್ಟರೆ ಕೊರತೆ.

3. ಬಾಗಿಲು ತೆರೆದಿರುತ್ತದೆಯೇ?

ವಾರದ ರಜೆ ಎಲ್ಲ ಕಡೆ ಒಂದೇ ದಿನ ಇರುವುದಿಲ್ಲ. ಜಗತ್ತಿನ ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ, ಲೂವ್ರ್‌ಗೆ ಮಂಗಳವಾರ, ತಾಜ್ ಮಹಲಿಗೆ ಶುಕ್ರವಾರ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ಮುಚ್ಚಿರುತ್ತದೆ. ಸಾರ್ವಜನಿಕ ರಜೆ ಸೇರಿದ ವಾರಾಂತ್ಯದಲ್ಲಿ ಈ ಲೆಕ್ಕವೂ ಬದಲಾಗಬಹುದು: ಕೆಲವು ಕಡೆ ಆ ದಿನ ತೆರೆದು ಮರುದಿನ ಮುಚ್ಚುತ್ತಾರೆ. ಆ ಜಾಗದವರದೇ ವೆಬ್‌ಸೈಟ್ ನೋಡಿ, ಆಮೇಲೂ ಒಂದು ಫೋನ್ ಮಾಡಿ. ಮ್ಯಾಪಿನಲ್ಲಿ ಕಾಣುವ ಸಮಯ ಹಳೆಯದಿರಬಹುದು.

ಮುಚ್ಚುವ ಹೊತ್ತಿಗಿಂತ ಕೊನೆಯ ಪ್ರವೇಶದ ಹೊತ್ತು ಮುಖ್ಯ. ಅದು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಇರುತ್ತದೆ.

ಟಿಕೆಟ್ ಆನ್‌ಲೈನಿನಲ್ಲಿ ಸಿಗುವುದಾದರೆ ಮೊದಲೇ ತೆಗೆದುಕೊಳ್ಳಿ. ಆಂಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಮನೆಗೆ ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ, ಗ್ರಾನಡದ ಅಲ್‌ಹಾಂಬ್ರದಲ್ಲಿ ನಸ್ರಿದ್ ಅರಮನೆಗಳಿಗೆ ಟಿಕೆಟಿನ ಮೇಲಿನ ಹೊತ್ತಿಗೇ ಒಳಗೆ ಹೋಗಬೇಕು. ಇಂಥ ಕಡೆ ಬುಕ್ ಮಾಡುವಾಗ ಪ್ರತಿಯೊಬ್ಬರ ಹೆಸರು ಗುರುತಿನ ಚೀಟಿಯಲ್ಲಿ ಇರುವ ಹಾಗೇ ಬೇಕಾಗಬಹುದು. ಮನೆಯಲ್ಲಿ ಕರೆಯುವ ಹೆಸರು ಹಾಕಿ ಬಾಗಿಲಲ್ಲಿ ಪೇಚಾಡಬೇಡಿ. ಹಿರಿಯರಿಗೆ, ಮಕ್ಕಳಿಗೆ ರಿಯಾಯಿತಿ ಇದ್ದರೆ ವಯಸ್ಸಿನ ದಾಖಲೆ ತರಲು ಹೇಳಿ. ಎಲ್ಲ ಟಿಕೆಟುಗಳನ್ನೂ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ, ಒಂದರ ಚಾರ್ಜ್ ಮುಗಿಯುವುದು ಬಾಗಿಲ ಹತ್ತಿರ ಹೋದಾಗಲೇ.

ಗಾಲಿ ಕುರ್ಚಿ ಬೇಕಾದವರಿದ್ದರೆ "ರ‍್ಯಾಂಪ್ ಇದೆಯಾ?" ಎಂದಷ್ಟೇ ಕೇಳಿ ಬಿಡಬೇಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇದ್ದರೆ ತಳ್ಳಬಹುದು, ಅದಕ್ಕಿಂತ ಕಡಿದಾದರೆ ತಳ್ಳುವವರಿಗೂ ಕೂತವರಿಗೂ ಅಪಾಯ. ಒಳಗೆ ಮೆಟ್ಟಿಲು ಎಷ್ಟಿವೆ, ಲಿಫ್ಟ್ ನಡೆಯುತ್ತಿದೆಯೇ, ಕುರ್ಚಿ ಅಲ್ಲೇ ಕೊಡುತ್ತಾರೆಯೇ, ಶೌಚಾಲಯದ ಬಾಗಿಲಿಗೆ ಅದು ಹಿಡಿಸುತ್ತದೆಯೇ, ಇಷ್ಟೂ ಕೇಳಿ.

4. ದಾರಿಯ ಲೆಕ್ಕ

ಮ್ಯಾಪ್ ಒಂದು ಗಂಟೆ ಎಂದರೆ ಗುಂಪಿಗೆ ಒಂದೂವರೆ ಗಂಟೆ. ರಜೆಯ ದಟ್ಟಣೆ, ಪಾರ್ಕಿಂಗ್ ಹುಡುಕಾಟ, ಚಪ್ಪಲಿ ಹಾಕಿಕೊಳ್ಳುವುದು, ಮರೆತ ಕನ್ನಡಕಕ್ಕೆ ಒಳಗೆ ಹೋಗಿ ಬರುವುದು, ಇವು ಯಾವುದೂ ಮ್ಯಾಪಿಗೆ ಗೊತ್ತಿಲ್ಲ. ಎಂಟು ಗಂಟೆಗೆ ಹೊರಡಬೇಕಾದರೆ ಏಳೂವರೆಗೆ ಎಂದು ಹೇಳುವ ಅಭ್ಯಾಸ ಹಲವರಿಗಿದೆ. ನನಗದು ಸರಿ ಕಾಣುವುದಿಲ್ಲ. ಹೊತ್ತಿಗೆ ಸರಿಯಾಗಿ ಸಿದ್ಧವಾಗಿ ಕೂತ ಹಿರಿಯರು ಅರ್ಧ ಗಂಟೆ ಕಾಯುವ ಹಾಗಾಗುತ್ತದೆ, ಮರುದಿನ ಅವರೂ ನಿಧಾನ ಮಾಡುತ್ತಾರೆ. ನಿಜವಾದ ಹೊತ್ತನ್ನೇ ಹೇಳಿ, ಹಿಂದಿನ ರಾತ್ರಿಯೇ ನೀರು, ಟೋಪಿ, ಔಷಧ, ಚಾರ್ಜರ್ ಚೀಲಕ್ಕೆ ಹಾಕಿಡಿ.

ಬೆಟ್ಟ ಹತ್ತುವ ಯೋಚನೆ ಇದ್ದರೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಉಪಯುಕ್ತ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಏರಿದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರ ವೇಗ, ನಡುವೆ ನಿಲ್ಲುವುದು ಇದರಲ್ಲಿ ಸೇರಿಲ್ಲ. ಮಕ್ಕಳು, ಹಿರಿಯರು ಇರುವ ಗುಂಪಿಗೆ ಇದನ್ನು ಎರಡರಷ್ಟು ಮಾಡಿ, ಬಂದ ಉತ್ತರ ಮೂರು ಗಂಟೆ ದಾಟಿದರೆ ಆ ಬೆಟ್ಟವನ್ನು ಕೆಳಗಿನಿಂದಲೇ ನೋಡಿ.

ಗಾಡಿಯಲ್ಲಿ ವಾಕರಿಕೆ ಬರುವುದು ಹೆಚ್ಚಾಗಿ 2ರಿಂದ 12 ವರ್ಷದ ಮಕ್ಕಳಿಗೆ. ಒಳಕಿವಿಗೆ ಗಾಡಿಯ ಚಲನೆ ಗೊತ್ತಾಗುತ್ತಿರುತ್ತದೆ, ಫೋನಿನಲ್ಲೋ ಪುಸ್ತಕದಲ್ಲೋ ನೆಟ್ಟ ಕಣ್ಣಿಗೆ ಎಲ್ಲವೂ ನಿಂತಂತೆ ಕಾಣುತ್ತದೆ. ಈ ತಾಳಮೇಳ ತಪ್ಪುವುದರಿಂದಲೇ ಹೊಟ್ಟೆ ತೊಳಸುತ್ತದೆ. ಅಂಥವರ ಕೈಯಿಂದ ಫೋನ್ ತೆಗೆದಿಡಿ, ದೂರದ ಹೊರನೋಟ ಕಾಣುವ ಸೀಟಿನಲ್ಲಿ ಕೂರಿಸಿ, ಕಿಟಕಿ ಸ್ವಲ್ಪ ತೆರೆಯಿರಿ, ಹೊರಡುವ ಮುಂಚೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಡಿ. ವೈದ್ಯರು ಹೇಳಿದ ಮಾತ್ರೆ ಇದ್ದರೆ ಹೊರಡುವ ಮೊದಲೇ ಕೊಡಬೇಕು, ವಾಕರಿಕೆ ಶುರುವಾದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ.

ಎರಡು ಗಾಡಿಯಲ್ಲಿ ಹೋಗುವವರು ಒಂದರ ಹಿಂದೆ ಒಂದು ಓಡಿಸಲು ಹೋಗಬೇಡಿ. ಹಿಂದಿನವರು ಮುಂದಿನ ಗಾಡಿ ತಪ್ಪಿಹೋಗುತ್ತದೆಂದು ಸಿಗ್ನಲ್ ದಾಟುತ್ತಾರೆ. ಸೇರುವ ಜಾಗ ಗೊತ್ತುಮಾಡಿ, ಅವರವರ ಪಾಡಿಗೆ ಬರಲಿ.

5. ಹೊರಗಿನ ಊಟ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ವಾರಾಂತ್ಯದ ಮಾತುಕತೆ ನಡೆಯುವುದೇ ಊಟದ ಮೇಜಿನಲ್ಲಿ. ಸುತ್ತಾಡುವಾಗ ಎಲ್ಲರೂ ಮುಂದೆ ನೋಡುತ್ತಿರುತ್ತಾರೆ, ಮುಖಾಮುಖಿ ಆಗುವುದು ಕೂತಾಗ.

ಮೊದಲನೆಯದಾಗಿ, ದಿನಕ್ಕೆ ಒಂದೇ ಹೋಟೆಲ್ ಊಟ. ಮೂರು ಹೊತ್ತೂ ಹೊರಗೆ ತಿಂದರೆ ಎರಡನೇ ದಿನದ ಸಂಜೆಗೆ ಹಿರಿಯರಿಗೆ ಬರೀ ಅನ್ನ ಸಾಕು ಅನ್ನಿಸುತ್ತದೆ, ಮಕ್ಕಳಿಗೆ ಹೊಟ್ಟೆ ಕೆಡುತ್ತದೆ. ಬೆಳಗಿನದು ಮನೆಯಲ್ಲಿ, ಮಧ್ಯಾಹ್ನದ್ದು ಹೊರಗೆ, ರಾತ್ರಿ ಮತ್ತೆ ಮನೆಯಲ್ಲಿ ಹಗುರಾದದ್ದು, ಇದು ನಾನು ಮೆಚ್ಚುವ ಕ್ರಮ. ರಾತ್ರಿಯೂಟ ಹೊರಗೆ ಎಂದಾದರೆ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಹೋಗಿ ಮರದ ಕೆಳಗೆ ತಿನ್ನಿ. ಮನೆಯ ಅಡುಗೆಯವರಿಗೂ ರಜೆ ಇದೆ ಎಂಬುದನ್ನು ಮರೆಯಬೇಡಿ: ರಾತ್ರಿಯ ಹಗುರ ಊಟಕ್ಕೆ ಬೇಕಾದದ್ದನ್ನು ಶುಕ್ರವಾರವೇ ಹೆಚ್ಚಿ, ರುಬ್ಬಿ ಇಟ್ಟುಕೊಳ್ಳಬೇಕು, ಬಡಿಸುವ ಮತ್ತು ಪಾತ್ರೆ ತೊಳೆಯುವ ಕೆಲಸ ಗಂಡಸರು ಮತ್ತು ದೊಡ್ಡ ಮಕ್ಕಳ ಪಾಲಿಗೆ ಬರಬೇಕು.

ಹೋಟೆಲ್ ಆರಿಸುವಾಗ ಹೆಸರುವಾಸಿಯಾದದ್ದನ್ನು ಹುಡುಕಿಕೊಂಡು ಊರ ಇನ್ನೊಂದು ತುದಿಗೆ ಹೋಗಬೇಡಿ. ನೋಡುವ ಜಾಗದಿಂದ ಹತ್ತು ನಿಮಿಷದೊಳಗೆ ಇರಲಿ. ಒಳಗೆ ಮೆಟ್ಟಿಲಿಲ್ಲದೆ ಕೂರುವ ಜಾಗ, ಬೆನ್ನು ಒರಗಿಸುವ ಕುರ್ಚಿ, ಚೊಕ್ಕಟವಾದ ಶೌಚಾಲಯ, ಖಾರವಿಲ್ಲದ ಒಂದೆರಡು ಸರಳ ಪದಾರ್ಥ, ಇಷ್ಟಿದ್ದರೆ ಮೂರು ತಲೆಮಾರಿನವರನ್ನು ಕರೆದುಕೊಂಡು ಹೋಗಬಹುದು. ಹೆಸರಾಂತ ಹೋಟೆಲಿಗೆ ಹೋಗಲೇಬೇಕೆಂಬ ಆಸೆ ಇದ್ದರೆ ಆಸೆ ಇರುವ ಮೂವರು ನಾಲ್ವರು ಮಾತ್ರ ಒಂದು ಸಂಜೆ ಹೋಗಿ ಬನ್ನಿ. ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕೆಂಬ ನಿಯಮ ಏನೂ ಇಲ್ಲ.

ಸದ್ದಿನ ಬಗ್ಗೆ ಒಂದು ಮಾತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಸ, ಶ, ತ, ಫ ಇಂಥ ಸದ್ದುಗಳು ಅಲ್ಲೇ ಬರುತ್ತವೆ. ಮನೆಯ ನಿಶ್ಶಬ್ದದಲ್ಲಿ ಎಲ್ಲವೂ ಕೇಳುವ ಅಜ್ಜಿಗೆ ಪಾತ್ರೆ, ಸಂಗೀತ, ನೂರು ಜನರ ಮಾತು ಸೇರಿದ ಕಡೆ ಪಕ್ಕದವರ ಮಾತೂ ಅರ್ಥವಾಗುವುದಿಲ್ಲ. ಆಗ ಅವರು ಸುಮ್ಮನೆ ನಗುತ್ತ ಕೂರುತ್ತಾರೆ, ನಾವು ಅಜ್ಜಿಗೆ ಖುಷಿಯಾಗಿದೆ ಎಂದುಕೊಳ್ಳುತ್ತೇವೆ. ಮೂಲೆಯ ಟೇಬಲ್ ಕೇಳಿ, ಅವರ ಬೆನ್ನು ಗೋಡೆಗಿರಲಿ, ಸ್ಪೀಕರ್ ದೂರವಿರಲಿ, ಅವರಿಗೆ ಪ್ರೀತಿಯ ಒಬ್ಬರು ಎದುರಿಗೆ ಕೂರಲಿ: ತುಟಿ ಕಂಡರೆ ಅರ್ಧ ಮಾತು ಅರ್ಥವಾಗುತ್ತದೆ.

ಟೇಬಲ್ ಬುಕ್ ಮಾಡುವಾಗ ಎಷ್ಟು ಜನ, ಎಷ್ಟು ಮಕ್ಕಳು, ಎತ್ತರದ ಕುರ್ಚಿ ಬೇಕೇ, ಅಲರ್ಜಿ ಏನು ಎಂಬುದನ್ನೆಲ್ಲ ಒಮ್ಮೆಗೇ ಹೇಳಿ. ಬುಕಿಂಗ್ ತೆಗೆದುಕೊಳ್ಳದ ಕಡೆ ದಟ್ಟಣೆಗಿಂತ ಮುಕ್ಕಾಲು ಗಂಟೆ ಮೊದಲೇ ಹೋಗಿ. ಎಲ್ಲರೂ ಒಂದು ಗಂಟೆಗೆ ಊಟಕ್ಕೆ ಬರುವ ಕಡೆ ಹನ್ನೆರಡೂಕಾಲಿಗೆ ಕೂತವರಿಗೆ ಜಾಗವೂ ಸಿಗುತ್ತದೆ, ಬಡಿಸುವವರ ಗಮನವೂ ಸಿಗುತ್ತದೆ. ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಉದ್ದನೆಯ ಒಂದೇ ಟೇಬಲಿಗಿಂತ ಪಕ್ಕಪಕ್ಕದ ಎರಡು ಟೇಬಲ್ ಒಳ್ಳೆಯದು. ಉದ್ದ ಟೇಬಲಿನ ಆ ತುದಿಯವರಿಗೂ ಈ ತುದಿಯವರಿಗೂ ಮಾತೇ ಇರುವುದಿಲ್ಲ. ಊಟದ ಮಧ್ಯೆ ನಾಲ್ವರು ಜಾಗ ಬದಲಾಯಿಸಿಕೊಂಡರೆ ಎಲ್ಲರಿಗೂ ಎಲ್ಲರೂ ಸಿಗುತ್ತಾರೆ.

ಆರ್ಡರ್ ಕೊಡುವ ಹೊಣೆ ಒಬ್ಬರಿಗೆ ವಹಿಸಿ. ಹತ್ತು ಜನ ಹತ್ತು ಕಡೆಯಿಂದ ಹೇಳಿದರೆ ಎರಡು ಬಾರಿ ಬರುವುದು, ಬಾರದೇ ಇರುವುದು ಖಂಡಿತ. ಮಕ್ಕಳದ್ದು ಮೊದಲು ಬರಲಿ. ಮೊದಲ ಸುತ್ತಿಗೆ ಬೇಕೆನಿಸಿದ್ದರಲ್ಲಿ ಮುಕ್ಕಾಲು ಭಾಗ ಮಾತ್ರ ಹೇಳಿ, ಹಸಿದ ಕಣ್ಣಿನ ಲೆಕ್ಕ ಯಾವಾಗಲೂ ಹೆಚ್ಚೇ. ಹೊಸ ಪದಾರ್ಥವೊಂದನ್ನು ಎಲ್ಲರೂ ಹಂಚಿಕೊಂಡು ರುಚಿ ನೋಡುವ ಹಾಗೆ ತರಿಸಿ, ಅದರ ಜೊತೆಗೆ ಪ್ರತಿಯೊಬ್ಬರಿಗೂ ಗೊತ್ತಿರುವ ಒಂದಾದರೂ ಇರಲಿ. ಹೊಸದನ್ನು ಇಷ್ಟಪಡಲೇಬೇಕೆಂದು ಯಾರನ್ನೂ ಒತ್ತಾಯಿಸಬೇಡಿ.

ಉಳಿದದ್ದನ್ನು ಪಾರ್ಸೆಲ್ ಕಟ್ಟಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ, ಆದರೆ ಅದು ದಿನವಿಡೀ ಗಾಡಿಯಲ್ಲಿ ಇರಬಾರದು. ಬೇಯಿಸಿದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ ಸೂಕ್ಷ್ಮಾಣುಗಳು ಬೇಗ ಬೆಳೆಯುತ್ತವೆ. ಹೊರಗೆ ಎರಡು ಗಂಟೆ ಮೀರಿದರೆ, ಬಿಸಿಲು 32 ಡಿಗ್ರಿ ದಾಟಿದ ದಿನ ಒಂದು ಗಂಟೆ ಮೀರಿದರೆ ಎಸೆಯಿರಿ. ನೇರ ಮನೆಗೆ ಹೋಗುವುದಿದ್ದರೆ ಮಾತ್ರ ಕಟ್ಟಿಸಿ.

ಮಧ್ಯಾಹ್ನ ಒಂದರಿಂದ ಮೂರರ ನಡುವೆ ಬರುವ ತೂಕಡಿಕೆಗೆ ಊಟವೊಂದೇ ಕಾರಣವಲ್ಲ, ನಮ್ಮ ದೇಹದ ಗಡಿಯಾರವೇ ಆ ಹೊತ್ತಿಗೆ ಸ್ವಲ್ಪ ಇಳಿಯುತ್ತದೆ. ಭಾರಿ ಊಟ ಅದನ್ನು ಹೆಚ್ಚಿಸುತ್ತದೆ ಅಷ್ಟೆ. ಹಾಗಾಗಿ ಊಟದ ನಂತರ ಮಾರ್ಗದರ್ಶಕರ ಜೊತೆ ನಿಂತು ಚರಿತ್ರೆ ಕೇಳುವ ಕಾರ್ಯಕ್ರಮ ಬೇಡ. ಮನೆಗೆ ಮರಳಿ ಅರ್ಧ ಗಂಟೆ ಮಲಗುವುದೋ, ನೆರಳಿನಲ್ಲಿ ಕೂರುವುದೋ ಇರಲಿ. ಗಾಡಿ ಓಡಿಸುವವರಿಗೆ ಇದು ಇನ್ನೂ ಮುಖ್ಯ.

6. ಬಿಲ್ಲು ಯಾರು ಕೊಡುವುದು?

ಕೌಂಟರಿನ ಮುಂದೆ "ನಾನು ಕೊಡ್ತೀನಿ, ನೀವು ಸುಮ್ನಿರಿ" ಎಂಬ ಜಗ್ಗಾಟ ಪ್ರೀತಿಯಿಂದಲೇ ಹುಟ್ಟಿದ್ದು. ಆದರೂ ಒಂದಲ್ಲ ಒಂದು ದಿನ ಅದು ಯಾರದಾದರೂ ಮನಸ್ಸಿಗೆ ಚುಚ್ಚುತ್ತದೆ, ಅದರಲ್ಲೂ ಕೈಯಲ್ಲಿ ಕಡಿಮೆ ಇರುವವರಿಗೆ. ಹೊರಡುವ ಮೊದಲೇ ಪಾಲು ಹೇಳಿಬಿಡಿ. "ಚಿಕ್ಕಪ್ಪ, ಊಟ ಎಲ್ಲ ನಮ್ಮದು. ಭಾನುವಾರ ಸಂಜೆ ಕಾಫಿ ನೀವು ಕೊಡಿಸಿ" ಎಂದರೆ ಅವರ ಗೌರವವೂ ಉಳಿಯುತ್ತದೆ, ನಿಮ್ಮ ಆತಿಥ್ಯವೂ. ಪೂರ್ತಿ ಬೇಡ ಎನ್ನುವುದು ಸರಿಯಲ್ಲ. ಕೊಡುವ ಸಂತೋಷವನ್ನು ಹಿರಿಯರಿಂದ ಕಿತ್ತುಕೊಳ್ಳಬಾರದು.

ಒಂದೇ ವಯಸ್ಸಿನ, ದುಡಿಯುವ ಎರಡು ಮೂರು ಕುಟುಂಬ ಸೇರಿದ್ದರೆ ಎಲ್ಲರೂ ಸಮನಾಗಿ ಹಾಕಿದ ಒಂದು ಗಂಟು ಮಾಡಿ ಒಬ್ಬರ ಕೈಯಲ್ಲಿ ಕೊಡಿ. ಟಿಕೆಟ್, ಪಾರ್ಕಿಂಗ್, ಊಟ ಎಲ್ಲ ಅದರಿಂದಲೇ ಹೋಗಲಿ, ಉಳಿದದ್ದು ಕೊನೆಗೆ ಹಂಚಿಕೆ. ಪ್ರತಿ ಬಿಲ್ಲಿಗೂ ಲೆಕ್ಕ ಹಾಕುತ್ತ ಕೂರುವುದು ರಜೆಯ ಕೆಲಸವಲ್ಲ.

7. ಮೂರು ದಿನದ ಒಂದು ಮಾದರಿ

ಶುಕ್ರವಾರ ಸಂಜೆ ನೆಂಟರು ಬಂದಿಳಿದರೆ ಆ ರಾತ್ರಿ ಎಲ್ಲಿಗೂ ಬೇಡ. ಪ್ರಯಾಣದ ದಣಿವಿಗೆ ಬಿಸಿನೀರು, ಮನೆಯ ಊಟ, ಬೇಗ ನಿದ್ದೆ. ಮರುದಿನದ ಹೊರಡುವ ಹೊತ್ತನ್ನು ಎಲ್ಲರೆದುರು ಒಮ್ಮೆ ಹೇಳಿ ಮಲಗಿ.

ಶನಿವಾರ ದೊಡ್ಡ ಜಾಗದ ದಿನ. ಮೊದಲ ದಿನ ಎಲ್ಲರಲ್ಲೂ ಕಸುವಿರುತ್ತದೆ, ಅದಕ್ಕೇ ಅತ್ಯಂತ ಕಷ್ಟದ್ದನ್ನು ಅವತ್ತೇ ಇಡಿ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಹನ್ನೆರಡರೊಳಗೆ ಹೊರಬನ್ನಿ, ಹನ್ನೆರಡೂಕಾಲಿಗೆ ಊಟಕ್ಕೆ ಕೂರಿ. ಎರಡರಿಂದ ನಾಲ್ಕೂವರೆವರೆಗೆ ವಿಶ್ರಾಂತಿ. ಸಂಜೆ ನೀರಿನ ದಂಡೆಯೋ, ತೋಟವೋ, ಪೇಟೆ ಬೀದಿಯೋ, ಟಿಕೆಟ್ ಇಲ್ಲದ ಒಂದು ಜಾಗ. ಎಲ್ಲರೂ ಸೇರಿದ ಫೋಟೋವನ್ನು ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲು ತೆಗೆಯಿರಿ: ಬೆಳಕು ಮೃದುವಾಗಿರುತ್ತದೆ, ಯಾರೂ ಕಣ್ಣು ಕಿರಿದು ಮಾಡುವುದಿಲ್ಲ.

ಭಾನುವಾರ ಗುಂಪನ್ನು ಒಡೆಯುವ ದಿನ. ಬೆಳಿಗ್ಗೆ ಒಂದು ತಂಡ ಮಕ್ಕಳೊಂದಿಗೆ ಆಟದ ಜಾಗಕ್ಕೆ, ಇನ್ನೊಂದು ತಂಡ ಹಿರಿಯರೊಂದಿಗೆ ಅವರಿಗೆ ಬೇಕಾದ ಕಡೆಗೆ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಂದೇ ಟೇಬಲಿಗೆ. ಬೇರೆ ಬೇರೆ ಕಡೆ ಹೋಗಿ ಬಂದವರಿಗೆ ಹೇಳಿಕೊಳ್ಳಲು ಏನಾದರೂ ಇರುತ್ತದೆ, ಅವತ್ತಿನ ಊಟವೇ ಮೂರು ದಿನದಲ್ಲಿ ಅತ್ಯಂತ ಗಲಗಲ ಎನ್ನುವ ಊಟವಾಗುತ್ತದೆ. ಅವತ್ತು ರಾತ್ರಿ ಮನೆಯಲ್ಲಿ, ಹಳೆಯ ಫೋಟೋಗಳೊಂದಿಗೆ.

ಸೋಮವಾರ ಹೊರಡುವ ದಿನ, ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

8. ಮಳೆ, ಬಿಸಿಲು, ಜನಜಂಗುಳಿ

ಪ್ರತಿ ದಿನಕ್ಕೂ ಮಳೆ ಬಂದರೆ ಹೋಗುವ ಒಂದು ಜಾಗ ಬರೆದಿಟ್ಟುಕೊಳ್ಳಿ. ಅದು ಹೊರಾಂಗಣದ ಜಾಗದ ಹತ್ತಿರವೇ ಇದ್ದರೆ ಅದೇ ಹೋಟೆಲಿನ ಬುಕಿಂಗ್ ಉಳಿಯುತ್ತದೆ.

ಬಿಸಿಲಿಗೆ ಸುಲಭದ ಪರೀಕ್ಷೆ ಇದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಸೂರ್ಯನ ಅತಿನೇರಳೆ ಕಿರಣ ಜೋರಾಗಿದೆ ಎಂದರ್ಥ. ಹವಾಮಾನದ ಆ್ಯಪಿನಲ್ಲಿ ಯುವಿ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಟೋಪಿ, ನೆರಳು, ಸನ್‌ಸ್ಕ್ರೀನ್ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶೌಚಾಲಯದ ಭಯಕ್ಕೆ ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಎರಡು ಗಂಟೆಗೊಮ್ಮೆ ಶೌಚಾಲಯ ಸಿಗುವ ಹಾಗೆ ದಾರಿ ಯೋಜಿಸಿ, ಅದನ್ನು ಅವರಿಗೆ ಮೊದಲೇ ಹೇಳಿ. ಆಗ ನೀರು ಕುಡಿಯುತ್ತಾರೆ.

ಜನಜಂಗುಳಿಗೆ ಹೋಗುವ ಮೊದಲು ಮಕ್ಕಳ ಅವತ್ತಿನ ಬಟ್ಟೆಯಲ್ಲಿ ಒಂದು ಫೋಟೋ ತೆಗೆದಿಡಿ, ಮುಂಗೈ ಮೇಲೆ ನಿಮ್ಮ ಫೋನ್ ನಂಬರ್ ಪೆನ್ನಿನಲ್ಲಿ ಬರೆಯಿರಿ. ತಪ್ಪಿಸಿಕೊಂಡರೆ ಇದ್ದಲ್ಲೇ ನಿಲ್ಲಬೇಕು, ಹುಡುಕಿಕೊಂಡು ಓಡಬಾರದು ಎಂದು ಮಗುವಿನ ಬಾಯಿಂದಲೇ ಹೇಳಿಸಿ. ದೊಡ್ಡವರಿಗೂ ಸೇರುವ ಜಾಗ ಒಂದಿರಲಿ, ಫೋನಿಗೆ ಸಿಗ್ನಲ್ ಸಿಗದ ದಿನಗಳೇ ಇಂಥವು. ಪ್ರತಿ ಮಗುವಿಗೆ ಒಬ್ಬ ದೊಡ್ಡವರ ಹೆಸರು ಹೇಳಿ ಹೊಣೆ ಕೊಡಿ. "ಎಲ್ಲರೂ ನೋಡ್ಕೊಳ್ಳಿ" ಎಂದರೆ ಯಾರೂ ನೋಡುವುದಿಲ್ಲ.

9. ಹೊರಡುವ ದಿನ

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಜನರು ಒಮ್ಮೆ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಟ್ಟುಕೊಂಡರು. ಇನ್ನೊಮ್ಮೆ ಅದೇ 60 ಸೆಕೆಂಡ್, ಅದಾದ ಮೇಲೆ ಇನ್ನೂ 30 ಸೆಕೆಂಡ್, ಆದರೆ ಆ ಕೊನೆಯಲ್ಲಿ ನೀರು ನಿಧಾನಕ್ಕೆ 15 ಡಿಗ್ರಿಗೆ ಏರಿತ್ತು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದಾಗ ಹೆಚ್ಚಿನವರು ಆರಿಸಿದ್ದು ಉದ್ದನೆಯದನ್ನೇ. ಕೊನೆ ಸ್ವಲ್ಪ ಹಿತವಾಗಿತ್ತು, ನೆನಪಿನಲ್ಲಿ ಅದೇ ಉಳಿಯಿತು. ಮೂರು ದಿನ ಚೆನ್ನಾಗಿ ನಡೆಸಿ ಕೊನೆಯ ಮೂರು ಗಂಟೆಯನ್ನು ಓಟ, ಬೆವರು, ಕೂಗಾಟದಲ್ಲಿ ಕಳೆದರೆ ನೆಂಟರ ಜೊತೆ ಹೋಗುವುದು ಆ ಓಟವೇ.

ಆದ್ದರಿಂದ ಸೋಮವಾರ ಹೊಸ ಜಾಗ ಯಾವುದೂ ಬೇಡ, "ದಾರಿಯಲ್ಲೇ ಇದೆ" ಎನ್ನುವಂಥದ್ದೂ ಬೇಡ. ಚೀಲ ಕಟ್ಟುವುದು ಭಾನುವಾರ ರಾತ್ರಿಯೇ ಮುಗಿಯಲಿ, ಚಾರ್ಜರ್, ಔಷಧದ ಡಬ್ಬಿ, ಒಣಗಲು ಹಾಕಿದ ಬಟ್ಟೆ, ಮಕ್ಕಳ ಆಟಿಕೆ ಇವನ್ನು ಒಬ್ಬರು ಕೋಣೆಯಿಂದ ಕೋಣೆಗೆ ಹೋಗಿ ನೋಡಲಿ. ಬೆಳಿಗ್ಗೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ತಿಂಡಿ. ಕೆಡದಂಥ, ಒಂದೇ ಕೈಯಲ್ಲಿ ತಿನ್ನಬಹುದಾದ ಬುತ್ತಿ ಕಟ್ಟಿಕೊಡಿ, ನೀರಿನ ಬಾಟಲಿ ತುಂಬಿಸಿ. ನಿಲ್ದಾಣಕ್ಕೆ ಬೇಕಾದ ಹೊತ್ತಿಗಿಂತ ಮುಕ್ಕಾಲು ಗಂಟೆ ಮೊದಲೇ ಮನೆ ಬಿಡಿ, ಯಾಕೆಂದರೆ ರಜೆಯ ಕೊನೆಯ ದಿನ ಊರೆಲ್ಲ ಅದೇ ರಸ್ತೆಯಲ್ಲಿರುತ್ತದೆ. ಫೋಟೋಗಳನ್ನು ಅವರು ಮನೆ ತಲುಪುವ ಮೊದಲೇ ಕಳಿಸಿ, ಅದರಲ್ಲೂ ಅಜ್ಜಿ ತಾತ ಇರುವ ಒಂದೆರಡನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿ. ಫೋನಿನ ಪರದೆಯಲ್ಲಿ ಅವರಿಗೆ ಮುಖಗಳು ಸರಿಯಾಗಿ ಕಾಣುವುದಿಲ್ಲ.